ಅಜ್ಜಿಯ ಇಪ್ಪತ್ತಮೂರು ನಂಬರುಗಳು

"ಏಳನೇ ನಂಬರ್!" ನರ್ಸ್ ಕೂಗಿದಳು. ಕಣ್ಣಾಸ್ಪತ್ರೆಯ ಬೆಂಚಿನಿಂದ ಅದೇ ಅಜ್ಜಿ ಏಳನೇ ಸಲ ಎದ್ದು ನಿಂತರು. "ನಾನೇ ಕಣಮ್ಮ. ಆದರೆ ಡಾಕ್ಟರು ನನ್ನ ಎರಡು ಕಣ್ಣೂ ಆಗಲೇ ನೋಡಿಯಾಯ್ತು. ಮೂರನೇದು ನನಗಿಲ್ಲ."

ನಂಬರ್ ಬುಕ್ ಮಾಡುವ ಆಸ್ಪತ್ರೆಯ ಹೊಸ ವೆಬ್‌ಸೈಟ್ ಅಂದು ಬೆಳಿಗ್ಗೆಯಷ್ಟೇ ಶುರುವಾಗಿತ್ತು. ಮೊದಲ ದಿನವೇ ನಲವತ್ತಕ್ಕೆ ನಲವತ್ತೂ ನಂಬರ್ ಬುಕ್ಕಾದವೆಂದು ಡೈರೆಕ್ಟರು ಮೇಲಿನ ಮಹಡಿಯಲ್ಲಿ ಕೇಕ್ ಕತ್ತರಿಸುತ್ತಿದ್ದರು. ಆ ನಲವತ್ತರಲ್ಲಿ ಇಪ್ಪತ್ತಮೂರು ಈ ಅಜ್ಜಿಯವೇ ಎಂದು ನರ್ಸ್ ಫೋನ್ ಮಾಡಿದಾಗ, ವೆಬ್‌ಸೈಟ್ ಮಾಡಿದ ಪ್ರೋಗ್ರಾಮರ್ ತನ್ನ ಪಾಲಿನ ತುಂಡನ್ನು ಅಲ್ಲೇ ಬಿಟ್ಟು ಕೆಳಗೆ ಓಡಿ ಬಂದಳು.

"ಯಾಕಜ್ಜಿ ಅಷ್ಟು ಸಲ ಒತ್ತಿದ್ರಿ?"

"ಒತ್ತಿದೆ, ಅದು ಕಮಕ್ ಕಿಮಕ್ ಅನ್ನಲಿಲ್ಲ. ಬಾಗಿಲು ತಟ್ಟಿದಾಗ ಒಳಗಿಂದ ಯಾರೂ ಓಗೊಡದಿದ್ರೆ ನೀನು ಮತ್ತೆ ತಟ್ಟಲ್ವೇನಮ್ಮ?"

ಅಜ್ಜಿ ಹೇಳಿದ್ದು ಸರಿಯೆಂದು ಪ್ರೋಗ್ರಾಮರ್‌ಗೆ ಗೊತ್ತಿತ್ತು. ಗುಂಡಿ ಒತ್ತಿದರೆ ಪುಟ ಕದಲುವುದಿಲ್ಲ. ಕೋರಿಕೆ ಸದ್ದಿಲ್ಲದೆ ಸರ್ವರ್‌ಗೆ ಹೋಗಿ, ಉತ್ತರ ಬರಲು ಅರ್ಧ ನಿಮಿಷ ಹಿಡಿಯುತ್ತದೆ; ಅಷ್ಟರಲ್ಲಿ ಮತ್ತೆ ಒತ್ತಿದಷ್ಟು ಸಲ ಹೊಸ ನಂಬರ್ ಬುಕ್ಕಾಗುತ್ತದೆ. ಉತ್ತರ ಬರುವವರೆಗೆ ಗುಂಡಿಯನ್ನು ಮಂಕಾಗಿಸಿ, 'ದಯವಿಟ್ಟು ಕಾಯಿರಿ' ಎಂದು ತೋರಿಸುವ ಕೋಡಿನ ನಾಲ್ಕು ಸಾಲನ್ನು ಅವಳು ಬರೆದೇ ಇದ್ದಳು. ಡೈರೆಕ್ಟರು ಅದನ್ನು ಕಿತ್ತುಹಾಕಿಸಿದ್ದರು. "ನಮ್ಮಲ್ಲಿ ಕಾಯಿಸ್ತಾರೆ ಅಂತ ನಾವೇ ಡಂಗುರ ಹೊಡೆಯೋದಾ? ಗುಂಡಿ ಮಂಕಾಗೋದು ಬೇರೆ! ಕಣ್ಣಾಸ್ಪತ್ರೆಗೆ ಅದು ಅಪಶಕುನ."

ಅಷ್ಟರಲ್ಲಿ ಕೌಂಟರಿನ ಬಳಿ ಗಲಾಟೆ ಎದ್ದಿತು. ವೆಲ್ಡಿಂಗ್ ಕೆಲಸದವನೊಬ್ಬ ಬಲಗಣ್ಣಿಗೆ ಕರ್ಚೀಫು ಒತ್ತಿಕೊಂಡು ನಿಂತಿದ್ದ. ಕಬ್ಬಿಣದ ಚೂರು ಸಿಡಿದು ಒಳಗೆ ಕೂತಿತ್ತು. ಕೌಂಟರಿನವನು ಪರದೆಯಿಂದ ತಲೆ ಎತ್ತಲಿಲ್ಲ. "ಇವತ್ತು ಫುಲ್ ಆಗಿದೆ. ಆನ್‌ಲೈನಲ್ಲಿ ನಾಳೆಗೆ ಬುಕ್ ಮಾಡ್ಕೊಳ್ಳಿ."

"ಕಣ್ಣೇ ಬಿಡೋಕಾಗ್ತಿಲ್ಲ ಸ್ವಾಮಿ, ಫೋನ್ ಹೇಗೆ ನೋಡ್ಲಿ?"

ಅರೆತೆರೆದ ಬಾಗಿಲಾಚೆ ಡಾಕ್ಟರು ಕೆಲಸವಿಲ್ಲದೆ ಉಗುರು ಕತ್ತರಿಸಿಕೊಳ್ಳುತ್ತಿದ್ದರು. ಪ್ರೋಗ್ರಾಮರ್ ವೆಲ್ಡರನ ರಟ್ಟೆ ಹಿಡಿದು ನೇರ ಒಳಗೆ ನಡೆಸಿದಳು. ನರ್ಸ್ ಅಡ್ಡ ಬಂದಳು. "ಏಳನೇ ನಂಬರ್ ಅಜ್ಜಿ ಹೆಸರಲ್ಲಿದೆ!"

"ಕೊಟ್ಟೆ ಅಂತ ಬರ್ಕೋ," ಎಂದರು ಅಜ್ಜಿ. "ಎಂಟು, ಒಂಬತ್ತು, ಎಲ್ಲಾನೂ ಕೊಡ್ತೀನಿ. ಹೊರಗೆ ಮೆಟ್ಟಿಲ ಮೇಲೆ ನಂಬರ್ ಸಿಗದೆ ಇನ್ನೂ ನಾಲ್ಕು ಜನ ಕೂತಿದಾರೆ, ಕರಿ."

ಕಬ್ಬಿಣದ ಚೂರು ಹೊರಬಂತು. ರಾತ್ರಿ ದಾಟಿದ್ದರೆ ದೃಷ್ಟಿ ಉಳಿಯುವುದು ಕಷ್ಟವಿತ್ತು ಎಂದರು ಡಾಕ್ಟರು. ಪ್ರೋಗ್ರಾಮರ್ ತನ್ನ ಜಾಗಕ್ಕೆ ಹೋಗಿ, ಯಾರನ್ನೂ ಕೇಳದೆ, ಆ ನಾಲ್ಕು ಸಾಲನ್ನು ವಾಪಸ್ ಹಾಕಿದಳು. ಬಹಳ ದಿನದ ಮೇಲೆ ಅವಳಿಗೆ ತನ್ನ ಕೆಲಸದ ಬಗ್ಗೆ ಹೆಮ್ಮೆಯೆನಿಸಿತು.

ಮರುದಿನ ಡೈರೆಕ್ಟರು ಅವಳನ್ನು ಕರೆಸಿ, ಲ್ಯಾಪ್‌ಟಾಪನ್ನು ಅವಳತ್ತ ತಿರುಗಿಸಿದರು. "ನಿನ್ನೆ ನಲವತ್ತು, ಇವತ್ತು ಹದಿನೆಂಟು. ನೀನು ಕೈಯಾಡಿಸಿದ ಮೇಲೆ ಅರ್ಧಕ್ಕಿಂತ ಕೆಳಗೆ ಬಿತ್ತು. ಏನಿದು?"

"ಸರ್, ಈ ಹದಿನೆಂಟೂ ನಿಜವಾದ ಜನ. ನಿನ್ನೆ ಇಪ್ಪತ್ತಮೂರು ಒಬ್ಬರೇ ಅಜ್ಜಿ."

"ಒಬ್ಬರೇನಾ?" ಡೈರೆಕ್ಟರು ಲ್ಯಾಪ್‌ಟಾಪನ್ನು ತಮ್ಮತ್ತ ತಿರುಗಿಸಿಕೊಂಡು ಇವತ್ತಿನ ಪಟ್ಟಿ ನೋಡಿದರು. ಆಮೇಲೆ ಅವರ ದನಿಯಲ್ಲಿ ನಿಜವಾದ ಕಳವಳವಿತ್ತು. "ಹಾಗಾದ್ರೆ ಮೊದಲು ಅವರಿಗೆ ಒಂದು ಫೋನ್ ಮಾಡು. ಏನೋ ಬೇಜಾರಾಗಿರಬೇಕು, ಇವತ್ತು ಬುಕ್ಕೇ ಮಾಡಿಲ್ಲ."