ದಿಣ್ಣೆಯ ಮೇಲೆ ತೆರೆದ ಬಾಗಿಲು

ಪೆಟ್ರೋಲ್ ಬಂಕಿನ ವಾಸನೆ ಮೂಗಿಗೆ ಬಡಿದರೆ ಈಗಲೂ ನನ್ನ ಅಂಗಾಲು ಸುಡುತ್ತದೆ.

ಹಳೆಯ ಕಾರೊಂದನ್ನು ಕೊಂಡ ಮೇಲೆ ಗುರುಪುರದ ನಮ್ಮ ದೊಡ್ಡಪ್ಪನಿಗೆ ಮೈಲೇಜಿನ ಹುಚ್ಚು ಹಿಡಿಯಿತು. ಸ್ಟೆಪ್ನಿಯನ್ನು ಕೊಟ್ಟಿಗೆಯಲ್ಲಿ ಇಳಿಸಿಟ್ಟ. ಇಳಿಜಾರು ಬಂದರೆ ಇಂಜಿನ್ ಆಫ್ ಮಾಡಿ, ನಮ್ಮನ್ನೆಲ್ಲ ಮುಂದಕ್ಕೆ ಬಾಗಿಸಿ ಕೂರಿಸುತ್ತಿದ್ದ. ಹೊರಡುವ ಮುಂಚೆ ಎಲ್ಲರೂ ಚಪ್ಪಲಿಯನ್ನು ಜಗುಲಿಯಲ್ಲೇ ಬಿಡಬೇಕಿತ್ತು.

"ಐದ್ ಜೊತೆ ಎಕ್ಕಡ ಅಂದ್ರೆ ಒಂದ್ ಕೂಸಿನ ತೂಕ ಕಣವ್ವಾ" ಎನ್ನುತ್ತಿದ್ದ.

ದಿಣ್ಣೆ ಬಂದರೆ ಒಬ್ಬರು ಇಳಿದು ನಡೆದು ಬರಬೇಕು. ಆ ಮಧ್ಯಾಹ್ನ ಹುಣಸೂರಿನ ದಾರಿಯಲ್ಲಿ ಅವನವ್ವ, ನಮ್ಮಜ್ಜಿ, ತಾನೇ ಇಳಿದಳು.

"ನಾನಿಳುದ್ರೆ ನಿನ್ ಕಾರು ಹಾರೋಯ್ತದೇನ್ಲಾ?" ಎಂದು ನಗುತ್ತ ಸೆರಗನ್ನು ತಲೆಗೆಳೆದುಕೊಂಡು, ಕಾದ ಡಾಂಬರಿನ ಮೇಲೆ ಬರಿಗಾಲಿಟ್ಟಳು.

ನಾವು ದಿಣ್ಣೆಯ ತುದಿಯಲ್ಲಿ ಕಾದೆವು. ದೊಡ್ಡಪ್ಪ ಟ್ಯಾಂಕಿಗೆ ಕಡ್ಡಿ ಅದ್ದಿ, ಪೆಟ್ರೋಲ್ ಎಷ್ಟು ಉಳಿದಿದೆ ಎಂದು ನೋಡಿ ಹಿಗ್ಗಿದ. ಅಜ್ಜಿ ಬರಲೇ ಇಲ್ಲ. ನಾನು ಬರಿಗಾಲಲ್ಲೇ ಕೆಳಗೆ ಓಡಿದೆ. ಅವಳು ಮೈಲಿಗಲ್ಲಿಗೆ ಒರಗಿ, ಕೆಂಪಾದ ಅಂಗಾಲುಗಳನ್ನು ಹುಲ್ಲಿನ ಮೇಲೆ ಚಾಚಿ ಕೂತಿದ್ದಳು. ಎಷ್ಟು ಕೂಗಿದರೂ ಏಳಲಿಲ್ಲ.

ಆಮೇಲೆ ದೊಡ್ಡಪ್ಪ ಯಾರನ್ನೂ ಇಳಿಸಲಿಲ್ಲ. ಆದರೆ ಆ ದಿಣ್ಣೆ ಹತ್ತಿದಾಗಲೆಲ್ಲ ಕಾರು ನಿಲ್ಲಿಸಿ, ಇಂಜಿನ್ ಓಡುತ್ತಿರುವಂತೆಯೇ ಇಳಿದು, ಹಿಂದಿನ ಬಾಗಿಲು ತೆರೆದು ಹಿಡಿಯುತ್ತಿದ್ದ. ಬಹಳ ಹೊತ್ತು ಹಿಡಿದೇ ನಿಲ್ಲುತ್ತಿದ್ದ.

ನಾನು ಸೀಟಿನಲ್ಲಿ ಸರಿದು ಜಾಗ ಬಿಡುತ್ತಿದ್ದೆ.