ಗಂಟಲ ಮೇಲೆ ಕಣ್ಣು

"ಎಲ್ಲಾ ಮೂಗಲ್ಲೇ ಮುಗಿಸ್ತೀರಾ? ಬಾಯಿ ಯಾತಕ್ಕಿದೆ ಸ್ವಾಮಿ?" ಎಂದು ಹೋಟೆಲಿನ ಬಾಣಸಿಗ, ವೈನ್ ಲೋಟ ಮೂಸುತ್ತಿದ್ದವನನ್ನು ನಗುನಗುತ್ತಲೇ ಕೇಳಿದ. ಚೀಸ್ ಹೆಚ್ಚುತ್ತಿದ್ದ ಅವನ ಅಕ್ಕನ ಚಾಕು ಅರ್ಧಕ್ಕೇ ನಿಂತಿತು.

ಊಟದ ಮೇಜಿನ ಮೇಲೆ ಅವಳು ಕೈಯಾರೆ ಮಾಡಿದ ಮೂರು ಬಗೆಯ ಚೀಸು, ಅವುಗಳ ಹಿಂದೆ ಬಾಟಲಿಗಳ ಸಾಲು. ಯಾವುದಕ್ಕೆ ಯಾವುದು ಜೊತೆ ಎಂದು ಹೇಳುವ ಹೊಣೆ ತಮ್ಮನದು. ಮೇಕೆ ಹಾಲಿನ ಮೆತ್ತನೆಯ ಚೀಸಿಗೆ ಹುಳಿ ಮುಂದಾದ ಬಿಳಿ ವೈನು ಎಂದು ಲೋಟವನ್ನು ಮೂಗಿಗೆ ಹಿಡಿದೇ ಹೇಳಿದ್ದ. ಬಾಣಸಿಗ ತಿಂದು ಕುಡಿದು ತಲೆದೂಗಿದ್ದ. ಅವನು ಒಪ್ಪಿದರೆ ಹೋಟೆಲು ವರ್ಷವಿಡೀ ಅವಳ ಚೀಸನ್ನೇ ಕೊಳ್ಳುತ್ತದೆ. ಒಪ್ಪದಿದ್ದರೆ ಹಿತ್ತಲಿನ ಚೀಸ್ ಕೋಣೆಗೆ ಬೀಗ ಬೀಳುವುದು ಖಂಡಿತ.

"ಅವನಿಗೆ ಒಂಚೂರು ನೆಗಡಿ," ಎಂದಳು ಅಕ್ಕ.

"ನೆಗಡಿಯಾದೋರು ಮೂಸಿ ವೈನ್ ಗುರುತು ಹಿಡೀತಾರಾ?" ಬಾಣಸಿಗ ಹೊಟ್ಟೆ ಕುಲುಕಿಸಿ ನಕ್ಕ. "ಸುಳ್ಳು ನಿಮ್ಮ ಬಾಯಿಗೆ ಒಗ್ಗಲ್ಲ ಅಕ್ಕಾವ್ರೇ, ಬಿಟ್ಬಿಡಿ. ಆದ್ರೆ ಒಂದ್ಮಾತು. ತಾವು ಬಾಯಿಗಿಡದೇ ಇರೋದನ್ನ ನನ್ನ ಬಾಯಿಗಿಡ್ತಾರೆ ಅಂದ್ರೆ ನಾನೇನಂದ್ಕೋಬೇಕು?" ಈ ಸಲ ಅವನ ನಗು ತುಟಿಯಲ್ಲೇ ಉಳಿಯಿತು, ಕಣ್ಣಿಗೆ ಏರಲಿಲ್ಲ.

ನಿಜ ಹೇಳುವಂತಿರಲಿಲ್ಲ. ತಮ್ಮ ಒಂದು ಕಾಲಕ್ಕೆ ವೈನ್ ಉಗ್ರಾಣದಲ್ಲಿ ರುಚಿ ನೋಡುವವನಾಗಿದ್ದ. ಬಾಯಲ್ಲಾಡಿಸಿ ಉಗುಳಬೇಕಾದ ಕೆಲಸ. ಉಗುಳಬೇಕಾದ್ದನ್ನು ನುಂಗುತ್ತ ನುಂಗುತ್ತ ಕೆಲಸ ಕಳೆದುಕೊಂಡ, ಹೆಂಡತಿಯನ್ನು ಕಳೆದುಕೊಂಡ. ಇನ್ನೊಂದು ಗುಟುಕು ಒಳಗಿಳಿದರೆ ನನ್ನ ಹತ್ತಿರ ಕರೆತರಬೇಡಿ ಎಂದು ವೈದ್ಯರು ಹೇಳಿ ಹತ್ತು ತಿಂಗಳಾಗಿತ್ತು. 'ಯಾರಿಗೂ ಹೇಳ್ಬೇಡಕ್ಕ, ಕುಡುಕ ಅಂತ ಗೊತ್ತಾದ್ರೆ ನನ್ನ ನಾಲಗೇನ ಯಾರು ನಂಬ್ತಾರೆ' ಎಂದು ಅವನು ಅಂಗಲಾಚಿದ್ದಕ್ಕೆ ಅವಳು ದೇವರಾಣೆ ಮಾಡಿ ಮಾತು ಕೊಟ್ಟಿದ್ದಳು. ಇವತ್ತೂ ಮೂಸುವುದು ಮಾತ್ರ ಎಂಬ ಕರಾರಿನ ಮೇಲೆಯೇ ಅವನನ್ನು ಮೇಜಿಗೆ ಕೂರಿಸಿದ್ದಳು.

ತಮ್ಮ ಅವಳ ಕಡೆ ನೋಡಿದ. ಬೇಡವೆನ್ನಲು ಅವಳು ತಲೆಯಾಡಿಸಿದರೂ ಸಾಕಿತ್ತು. ಅವಳು ಹಲಗೆಯ ಮೇಲಿನ ಚೀಸನ್ನು ನೋಡಿದಳು.

ಅವನು ಲೋಟವೆತ್ತಿದ. ಅಕ್ಕನ ಕಣ್ಣು ಅವನ ಗಂಟಲಿಗೆ ಅಂಟಿಕೊಂಡಿತು. ಕೆನ್ನೆ ಉಬ್ಬಿತು, ಇಳಿಯಿತು, ಮತ್ತೆ ಉಬ್ಬಿತು. ಅವಳು ಒಳಗೊಳಗೇ ದೇವರ ನಾಮ ಹಿಡಿದಳು. ಒಂದು, ಎರಡು, ಮೂರು. ಏಳನೆಯ ನಾಮಕ್ಕೆ ಅವನು ಬಾಗಿ, ಉಗುಳಲೆಂದೇ ಮೇಜಿನ ಮೇಲಿಟ್ಟಿದ್ದ ತಾಮ್ರದ ಬಟ್ಟಲಿಗೆ ಉಗುಳಿದ. ಗಂಟಲು ಅಲುಗಿರಲಿಲ್ಲ.

"ಈ ಹಳೇ ಗಟ್ಟಿ ಚೀಸಿಗೆ ಇದಲ್ಲ," ಎಂದ ತಮ್ಮ. ದನಿಯೇ ಬೇರೆಯಾಗಿತ್ತು. "ಉಪ್ಪಿನ ಮುಂದೆ ಇದು ಸೋತುಹೋಗತ್ತೆ. ಆ ಕಪ್ಪು ಬಾಟಲಿ ತೆಗೀರಿ."

ಕಪ್ಪು ಬಾಟಲಿಯ ಕೆಂಪು ವೈನಿಗೆ ಹದಿಮೂರು ನಾಮ ಹಿಡಿಯಿತು. ಉಗುಳಿದ. ಬಾಣಸಿಗ ಚೀಸಿನ ತುಣುಕಿನೊಂದಿಗೆ ಅದನ್ನು ಚಪ್ಪರಿಸಿದವನೇ ಮೇಜು ಗುದ್ದಿದ. "ಇದಪ್ಪಾ ನಾಲಗೆ ಅಂದ್ರೆ! ಎಲ್ಲಿ ಬಚ್ಚಿಟ್ಟಿದ್ರಿ ಅಕ್ಕಾವ್ರೇ ಇವರನ್ನ?"

ತಮ್ಮನ ಮುಖದಲ್ಲಿ ಹತ್ತು ತಿಂಗಳಿಂದ ಇಲ್ಲದ ಕಳೆ ಬಂದಿತ್ತು. ಅದನ್ನು ಕಂಡು ಸಂತೋಷಪಡಬೇಕೋ ಹೆದರಬೇಕೋ ಅವಳಿಗೆ ತಿಳಿಯಲಿಲ್ಲ. ಲೋಟ ಕೆಳಗಿಟ್ಟ ಮೇಲೂ ಅವನ ಬೆರಳು ಅದರ ಸಪೂರ ಕಾಲನ್ನು ಬಿಟ್ಟಿರಲಿಲ್ಲ.

ಉಳಿದದ್ದು ನೀಲಿ ಗೆರೆಯ ಚೀಸು. ಬಾಣಸಿಗ ತನ್ನ ಚೀಲದಿಂದ ಗಿಡ್ಡ ಬಾಟಲಿಯೊಂದನ್ನು ಕೂಸನ್ನೆತ್ತುವ ಹಾಗೆ ಹೊರತೆಗೆದ. ಜೇನಿನ ಬಣ್ಣದ ಸಿಹಿ ವೈನು. "ಇಪ್ಪತ್ತೆರಡು ವರ್ಷದ್ದು. ಇಂಥಾ ನಾಲಗೆ ಸಿಕ್ಕಿದ ದಿನ ತೆಗೀಬೇಕು ಅಂತಾನೇ ಇಟ್ಟಿದ್ದೆ."

ತಮ್ಮ ಚೀಸಿನ ಚೂರನ್ನು ಬಾಯಿಗಿಟ್ಟು, ಅದರ ಮೇಲೆ ವೈನನ್ನು ತುಂಬಿಕೊಂಡ. ಕಣ್ಣು ಮುಚ್ಚಿದ. ಒಂಬತ್ತು, ಹತ್ತು, ಹನ್ನೊಂದು. ಇಪ್ಪತ್ತಕ್ಕೆ ಅವನ ಕೈ ಬಟ್ಟಲಿಗಾಗಿ ತಡಕಾಡಿತು. ಅಲ್ಲಿ ಬಟ್ಟಲಿರಲಿಲ್ಲ. ಬಾಣಸಿಗ ಅದನ್ನೆತ್ತಿ ತನ್ನ ಕುರ್ಚಿಯ ಆಚೆ ನೆಲಕ್ಕಿಟ್ಟಿದ್ದ.

"ಊಹೂಂ! ಇದನ್ನ ಉಗುಳಿದ್ರೆ ನನ್ನ ಮೇಲಾಣೆ. ನುಂಗ್ಬಿಡಿ ಸ್ವಾಮಿ, ನಾಳೆಯಿಂದ ನಿಮ್ಮ ಚೀಸು ನನ್ನ ಮೇಜಿನ ಮೇಲೆ!"

ತಮ್ಮ ಕಣ್ಣು ತೆರೆದ. ಅವನ ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು. ಆ ನೋಟದಲ್ಲಿ ಬೇಡಿಕೆಯಿತ್ತು. ಕಾಪಾಡು ಎಂದೋ, ಇದೊಂದು ಸಲ ಬಿಟ್ಟುಬಿಡು ಎಂದೋ. ಅಕ್ಕನ ನಾಲಗೆಯ ಮೇಲಿದ್ದ ನಾಮ ಎಣಿಕೆ ತಪ್ಪಿತು.

ಅವಳು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಉರುಳಿತು. ಮೇಜು ಸುತ್ತಿ ಬಂದು, ಕಲ್ಲು ಬಾಯಿಗೆ ಹಾಕಿಕೊಂಡ ಮಗುವಿನ ಮುಂದೆ ಹಿಡಿಯುವಂತೆ ಬೊಗಸೆಯನ್ನು ಅವನ ಗದ್ದದ ಕೆಳಗೆ ಒಡ್ಡಿದಳು.

"ಉಗುಳು," ಎಂದಳು.

ಬಾಣಸಿಗನ ನಗು ನಿಂತಿತು. ಅವಳ ಬೊಗಸೆಯನ್ನೂ ತಮ್ಮನ ಮುಖವನ್ನೂ ನೋಡಿದ. ಏನೋ ಅರ್ಥವಾದವನಂತೆ ಮೆಲ್ಲಗೆ ಬಾಟಲಿಯ ಬಿರಡೆ ಮುಚ್ಚಿದ. ನಲವತ್ತೆರಡು ವರ್ಷದ ತಮ್ಮ ಕೆನ್ನೆ ಉಬ್ಬಿಸಿಕೊಂಡು ಅಕ್ಕನನ್ನೇ ನೋಡುತ್ತಿದ್ದ. ಗಂಟಲು ಇನ್ನೂ ಅಲುಗಿರಲಿಲ್ಲ.