ತಿಥಿದರ್ಶಿನಿಯ ಹತ್ತನೆಯ ಡಬ್ಬಿ

ಅಂಚು ತೀರಾ ಬಿಳುಪಾಯಿತೇ? ಮೂವತ್ತೇಳು ವರ್ಷದ ರಟ್ಟು ಇಷ್ಟು ಬಿಗಿಯಾಗಿ ನಿಲ್ಲುತ್ತದೆಯೇ? ಅಪ್ಪ ಮೂಸಿ ನೋಡಿದರೆ?

ಚೆನ್ನೈನ ಪೋರೂರಿನ ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ ಗಿರಿಧರ್ ಚೀಲದೊಳಗೆ ಕೈಹಾಕಿ ಡಬ್ಬಿಯ ಮೂಲೆಯನ್ನು ಇನ್ನೊಮ್ಮೆ ಉಗುರಿನಿಂದ ಸವೆಸಿದ. ಅರ್ಧ ಗಂಟೆಯಲ್ಲಿ ಅಪ್ಪನನ್ನು ಆಪರೇಷನ್‌ಗೆ ಒಯ್ಯುತ್ತಾರೆ. ಉಳಿಯುವ ಭರವಸೆಯನ್ನು ಡಾಕ್ಟರು ಕೊಟ್ಟಿರಲಿಲ್ಲ.

ನಕಲು ಮಾಡುವುದೇ ಅವನ ಕಸುಬು. ಕೋಡಂಬಾಕ್ಕಂನಲ್ಲಿ, ಹಿಂದೆ ಸಿನಿಮಾ ಪೋಸ್ಟರ್ ಅಚ್ಚಾಗುತ್ತಿದ್ದ ಕೋಣೆಯಲ್ಲಿ, ಕಂಪ್ಯೂಟರಿನ ಮೊದಲ ಕಾಲದ ಸಾಫ್ಟ್‌ವೇರ್‌ಗಳನ್ನು ಸಂಗ್ರಾಹಕರಿಗಾಗಿ ಮತ್ತೆ ತಯಾರಿಸುತ್ತಿದ್ದ. ಅದೇ ಡಬ್ಬಿ, ಅದೇ ಲೇಬಲ್ಲು, ಅದೇ ದೊಡ್ಡ ಫ್ಲಾಪಿ. ಮುಚ್ಚಳದ ಒಳಮಡಿಕೆಯಲ್ಲಿ ‘ನಕಲು’ ಎಂದು ಅಚ್ಚು ಹಾಕದೆ ಒಂದನ್ನೂ ಹೊರಗೆ ಕಳಿಸಿದವನಲ್ಲ. ಇದೊಂದರಲ್ಲಿ ಹಾಕಿರಲಿಲ್ಲ.

ಅವನ ಅಪ್ಪ, ವಿಮಾ ಕಚೇರಿಯ ಗುಮಾಸ್ತ ವಿಷ್ಣುತೀರ್ಥರು, ೧೯೮೮ರಲ್ಲಿ ತಾವೇ ಕಲಿತು ಒಂದು ಪಂಚಾಂಗದ ಪ್ರೋಗ್ರಾಂ ಬರೆದಿದ್ದರು. ತಿಥಿದರ್ಶಿನಿ. ಕಂಪ್ಯೂಟರಿದ್ದ ಹತ್ತು ಕಡೆಗೆ ಹತ್ತು ಡಬ್ಬಿ ಹೋದವು. ಅಲ್ಲಿ ಅಚ್ಚಾದ ಏಕಾದಶಿ ಪಟ್ಟಿ ಮದರಾಸಿನ ಮಾಧ್ವರ ಎಷ್ಟೋ ಅಡುಗೆಮನೆಗಳ ಗೋಡೆ ಸೇರಿತು. ಹೇಗೋ ಮನೆಗೆ ಮರಳಿ ಅಟ್ಟದ ಕೆಳಗಿನ ಪೆಟ್ಟಿಗೆ ಸೇರಿದ್ದ ಡಬ್ಬಿಗಳು ೨೦೧೫ರ ನೆರೆಯಲ್ಲಿ ಹೋದವು. ಆ ದಿನ ಗಿರಿಧರ್ ತನ್ನ ಪ್ರಿಂಟರನ್ನು ಮೊದಲು ಮೇಲಕ್ಕೆ ಹೊತ್ತಿದ್ದ. ಅಪ್ಪ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಈಗ ಒಂದು ತಿಂಗಳಿಂದ ಒಂದೇ ಪ್ರಶ್ನೆ. “ಒಂದಾದ್ರೂ ಉಳಿದಿದೆಯೇನೋ, ಗಿರಿ?” ಏಕಾದಶಿ ಮಾತ್ರವಲ್ಲ, ಅದರ ಹಿಂದಿನ ದಿನ, ಮರುದಿನವೂ ಉಪವಾಸ ಮಾಡುತ್ತ ಬಂದ ಮನುಷ್ಯನ ಮೈಯಲ್ಲಿ ಎಲುಬಷ್ಟೇ ಉಳಿದಿತ್ತು.

“ಅಪ್ಪಾ, ಒಂದು ಸಿಕ್ತು.”

ವಿಷ್ಣುತೀರ್ಥರು ಡಬ್ಬಿಯನ್ನು ತಿರುಗಿಸಿದರು. ಮೂಸಿದರು. ಮುಚ್ಚಳ ತೆರೆದು ಒಳಮಡಿಕೆಯನ್ನು ಬೆರಳಿಂದ ಸವರಿದರು. ಮಗನ ನಿಯಮ ಅವರಿಗೆ ಗೊತ್ತಿತ್ತು.

“ನಿನ್ನ ಕೈಚಳಕ ಅಲ್ಲ ತಾನೆ?”

“ಮಡಿಕೆ ನೋಡಿದ್ರಲ್ಲ. ಅಸಲಿನೇ.”

“ಎಲ್ಲಿತ್ತು?”

“ಮೈಲಾಪುರದಲ್ಲಿ, ಒಬ್ಬರ ಮನೇಲಿ. ಈಗಲೂ ಅದರಲ್ಲೇ ತಿಥಿ ನೋಡ್ತಾರಂತೆ.”

“ಹಾಗಾದ್ರೆ ಉಳಿದಿತ್ತು,” ಎಂದರು ಅಪ್ಪ. ಕಣ್ಣು ತುಂಬಿತು. ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ಹತ್ತು ವರ್ಷಗಳಲ್ಲಿ ಮೊದಲ ಬಾರಿ ಗಿರಿಧರನ ಎದೆ ಹಗುರಾಯಿತು.

“ಟೈಮ್ ಆಚ್ಚು ಸಾರ್,” ಎಂದು ಹೊತ್ತಾದದ್ದನ್ನು ನೆನಪಿಸಿದಳು ನರ್ಸ್.

ಗಾಲಿಮಂಚ ಬಾಗಿಲೊಳಗೆ ಮರೆಯಾದ ಮೇಲೆ ಅಮ್ಮ ಫ್ಲಾಸ್ಕ್ ಹಿಡಿದು ಬಂದರು. ಹಾಸಿಗೆಯ ಮೇಲಿನ ಡಬ್ಬಿ ಕಂಡು ಅಲ್ಲೇ ನಿಂತರು.

“ಇದನ್ನ ಅವರಿಗೆ ತೋರಿಸಿದ್ಯೇನೋ?”

“ಅವರೇ ಕೇಳ್ತಿದ್ರಲ್ಲಮ್ಮ.”

ಅಮ್ಮ ಫ್ಲಾಸ್ಕನ್ನು ಕೆಳಗಿಟ್ಟು ಸ್ಟೂಲಿನ ಮೇಲೆ ಕೂತರು.

“ಮೊದಲ ವರ್ಷವೇ ಇದರ ಪಟ್ಟೀಲಿ ಒಂದು ಏಕಾದಶಿ ತಪ್ಪಿತ್ತು ಕಣೋ. ಒಂದು ದಿನ ಮುಂಚೆಯೇ ಬಿದ್ದಿತ್ತು. ನಿಮ್ಮಜ್ಜಿ ಜನ್ಮದಲ್ಲಿ ಒಂದೂ ಬಿಟ್ಟವರಲ್ಲ. ನಿಜವಾದ ದಿನ ನಿಮ್ಮಪ್ಪನೇ ಅವರಿಗೆ ಎಲೆ ಹಾಕಿ ಬಡಿಸಿದ್ರು. ಗೊತ್ತಾದ್ಮೇಲೆ ಅವರು ಸಾಯೋವರೆಗೂ ಮಗನ ಹತ್ರ ಮಾತಾಡಲಿಲ್ಲ. ಇವರು ಬಾಗಿಲು ಬಾಗಿಲಿಗೆ ಹೋಗಿ ಬೇಡಿ ಒಂಬತ್ತು ಡಬ್ಬಿ ವಾಪಸ್ ತಂದ್ರು. ನೆರೆ ಬಂದ ದಿನ ಪೆಟ್ಟಿಗೆ ತೆಗೆದು ಕೈಯಾರೆ ನೀರಿಗೆ ಬಿಟ್ರು. ಹತ್ತನೇದು ಮಾತ್ರ ಸಿಗಲೇ ಇಲ್ಲ. ಅದನ್ನ ನಂಬಿ ಯಾರಾದ್ರೂ ಇನ್ನೂ ಏಕಾದಶಿ ದಿನ ಊಟ ಮಾಡ್ತಿದ್ರೆ ಅಂತ, ಅದೇ ಭಯ ಇವರಿಗೆ.”

ಸಂಜೆ ವಿಷ್ಣುತೀರ್ಥರನ್ನು ಹೊರಗೆ ತಂದರು. ಅವರು ಮತ್ತೆ ಕಣ್ಣು ತೆರೆಯಲೇ ಇಲ್ಲ.

ಡಬ್ಬಿಯೊಳಗಿನ ಫ್ಲಾಪಿ ಖಾಲಿ ಎಂದು ಗಿರಿಧರ್ ಅವರಿಗೆ ಹೇಳಿರಲಿಲ್ಲ.